ಸಾಂಬ್ರಾಣಿ ಅಲ್ಲದ ಹೊಗೆ

ಬಾಣಂತಿ ಕೋಣೆಗೆ ಗಂಡಸು ಕಾಲಿಡಬಾರದು ಅನ್ನುವುದು ಶಿವರುದ್ರಮ್ಮಜ್ಜಿಯ ಕಾನೂನು. ಮಗುವಿನ ಅಪ್ಪನೇ ಹೊಳವನಹಳ್ಳಿಯಿಂದ ಬಂದು, ಬಾಗಿಲಾಚೆ ನಿಂತು, ಇಣುಕಿ ಹೋಗಿದ್ದ. ಅಂಥ ಕೋಣೆಗೆ ಖಾಕಿ ಪ್ಯಾಂಟಿನವನೊಬ್ಬ ಹಿತ್ತಿಲ ಬಾಗಿಲಿನಿಂದ ನುಗ್ಗಿ, ಒಂದು ಬಕೆಟ್ ನೀರನ್ನು ತಂದು ಕೆಂಡದ ಮೇಲೆ ಸುರಿದುಬಿಟ್ಟ.

ಭುಸ್ಸೆಂದು ಬೂದಿ ಎದ್ದಿತು. ಕೋಣೆಯಲ್ಲಿ ಇದ್ದವಳು ಗಂಗಾಂಬಿಕೆ ಒಬ್ಬಳೇ. ಅಕ್ಕ ಸರೋಜ, ಹಸುಗೂಸು, ಅಜ್ಜಿ ಮೂವರೂ ಬಚ್ಚಲಮನೆಯಲ್ಲಿದ್ದರು. ಬೂದಿ ಇಳಿದ ಮೇಲೆ ಗಂಗೆ ಮೆಲ್ಲಗೆ ಕಣ್ಣು ಬಿಟ್ಟಳು. ಹಣೆಗೆ ಮಾತ್ರ ಇಟ್ಟುಕೊಳ್ಳಬೇಕಾದ ವಿಭೂತಿಯನ್ನು ಮೈತುಂಬ ಬಳಿದುಕೊಂಡಂತಾಗಿದ್ದಳು.

"ಆರೋಯ್ತು, ಗಾಬರಿಯಾಗ್ಬೇಡಿ," ಎಂದ ಅವನು, ಏದುಸಿರು ಬಿಡುತ್ತ.

"ಏನು ಆರೋಯ್ತು?"

"ಬೆಂಕಿ. ಹೆಂಚಿನ ಸಂದೀಲಿ ಹೊಗೆ ಬರ್ತಿತ್ತು. ಮಾಳಿಗೆ ಮೇಲಿಂದ ನೋಡ್ದೆ."

"ಅದು ಸಾಂಬ್ರಾಣಿ," ಎಂದಳು ಗಂಗೆ.

ಅವನು ಕೈಯಲ್ಲಿದ್ದ ಖಾಲಿ ಬಕೆಟ್ಟನ್ನು ನೋಡಿದ, ಒದ್ದೆ ಕೆಂಡ ನೋಡಿದ, ಅವಳ ಬೂದಿ ಮುಖ ನೋಡಿದ. ಆಮೇಲೆ ಆ ಮುಖವನ್ನೇ ನೋಡುತ್ತ ನಿಂತ. ಅಷ್ಟು ಹೊತ್ತು ನೋಡುವ ಅಗತ್ಯ ಇರಲಿಲ್ಲ. ಗಂಗೆಗೆ ನಗು ಉಕ್ಕಿ ಬಂತು, ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಬಚ್ಚಲಿನಿಂದ ಅಜ್ಜಿಯ ದನಿ ಕೇಳಿಸಿತು. ಬಂದವನು ಬಂದ ದಾರಿಯಲ್ಲೇ ಓಟ ಕಿತ್ತ.

ಅವನ ಹೆಸರು ನಂದೀಶ. ಊರು ಬರಗೂರು. ಮಧುಗಿರಿಯ ಫೈರ್ ಸ್ಟೇಷನ್ನಿಗೆ ಹೊಸದಾಗಿ ಬಂದು, ಹಿತ್ತಿಲ ಓಣಿಯಾಚೆಗಿನ ಎದುರು ಮನೆಯ ಮಾಳಿಗೆ ಕೋಣೆ ಬಾಡಿಗೆಗೆ ಹಿಡಿದಿದ್ದ. ಇಷ್ಟು ವಿವರ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಗಂಗೆಯ ಅಪ್ಪ ಮಹಾಲಿಂಗಯ್ಯನವರು ಜವಳಿ ಅಂಗಡಿ ಮುಚ್ಚಿ ಬಂದವರೇ ಕೂಗಾಡಿದರು. ತಾಯಿಯಿಲ್ಲದ ಮನೆ, ಹೆಣ್ಣುಮಕ್ಕಳಿರುವ ಮನೆ, ಹಿತ್ತಿಲಿಂದ ನುಗ್ಗುತ್ತಾನೆಂದರೆ ಏನರ್ಥ ಎಂಬುದು ಅವರ ವಾದ. ಮಾರನೆಯ ದಿನ ನಂದೀಶ ಒಂದು ಚೀಲ ಒಣ ಇದ್ದಿಲು ಹೊತ್ತು ತಂದು, ತಲೆ ತಗ್ಗಿಸಿ, ಅಜ್ಜಿಯ ಕಾಲಿಗೆ ಬಿದ್ದ.

"ಏಳಪ್ಪ ಏಳು. ಬೆಂಕಿ ಆರ್ಸೋನಿಗೆ ಸಾಂಬ್ರಾಣಿ ವಾಸ್ನೇನೂ ಗೊತ್ತಾಗಲ್ವೇನೋ?" ಎಂದಳು ಅಜ್ಜಿ. "ಗಂಗಾ, ನಂದೀಶಣ್ಣಂಗೆ ಒಂದು ಲೋಟ ಕಾಫಿ ಕೊಡು."

ಗಂಗೆ ಕಾಫಿ ತಂದಳು. ಆದರೆ ಅಣ್ಣ ಅನ್ನಲಿಲ್ಲ. "ತಗೊಳ್ಳಿ" ಅಂದಳು, ಅಷ್ಟೇ. ಲೋಟ ಈಸಿಕೊಂಡವನು ಅದನ್ನು ಗಮನಿಸಿದ ಎನ್ನುವುದು ಅವನ ಕಿವಿ ಕೆಂಪಾದಾಗ ಅವಳಿಗೆ ತಿಳಿಯಿತು.

ಆ ವರ್ಷ, ಎಂಬತ್ತಮೂರರಲ್ಲಿ, ಮದ್ರಾಸಿನ ಕಡೆ ಸೈಕ್ಲೋನ್ ಎದ್ದು ನಮ್ಮ ಕಡೆಗೂ ಜಡಿಮಳೆ ಹಿಡಿದಿತ್ತು. ಮಳೆ ಎಂದರೆ ಮುಖ ತೋರಿಸಿ ಓಡಿಹೋಗುವ ಸೀಮೆ ಇದು. ಅಂಥದರಲ್ಲಿ ಮಧುಗಿರಿ ಬೆಟ್ಟ ಮೋಡದೊಳಗೆ ಹೊಕ್ಕು ಹೊರಗೆ ಬರುವುದನ್ನೇ ಮರೆತಿತ್ತು. ಮಗುವಿನ ಬಟ್ಟೆ ಒಂದೂ ಒಣಗುತ್ತಿರಲಿಲ್ಲ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಬಿದಿರಿನ ಮಂಕರಿ ಬೋರಲು ಮುಚ್ಚಿ, ಮಂಕರಿಯ ಬೆನ್ನ ಮೇಲೆ ಕುಲಾವಿ, ಅಂಗಿ, ಮೆತ್ತನೆ ಹಳೇ ಸೀರೆಯ ತುಂಡುಗಳನ್ನು ಹರಡಿ ಒಣಗಿಸಬೇಕು. ಅದು ಗಂಗೆಯ ಕೆಲಸ. ಹಿತ್ತಿಲ ಗೋಡೆಯ ಬಳಿ ಬೂದಿ ಚೆಲ್ಲುವುದೂ ಅವಳ ಕೆಲಸವೇ. ಸೋನೆಯಲ್ಲೂ ಅವಳು ಎಷ್ಟು ಸಲ ಬೂದಿ ಚೆಲ್ಲಲು ಹೋಗುತ್ತಿದ್ದಳೆಂದರೆ, ಅಷ್ಟು ಬೂದಿ ಆ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ.

ಗೋಡೆಯಾಚೆ ಓಣಿಯಲ್ಲಿ ಡ್ಯೂಟಿಗೆ ಹೋಗುವವನೊಬ್ಬ ಛತ್ರಿ ಹಿಡಿದು ನಿಂತಿರುತ್ತಿದ್ದ.

"ಸಾಂಬ್ರಾಣಿ ಹೊಗೆಗೂ ಬೆಂಕಿ ಹೊಗೆಗೂ ವ್ಯತ್ಯಾಸ ಹೆಂಗೆ ತಿಳೀತದೆ?" ಎಂದು ಅವಳು ಮೊದಲ ದಿನ ಕೇಳಿದಳು.

"ಸಾಂಬ್ರಾಣಿ ಮೂಗಿಗೆ ಬರುತ್ತೆ. ಬಟ್ಟೆ ಸುಟ್ಟ ಹೊಗೆ ಗಂಟಲು ಹಿಡಿಯುತ್ತೆ."

"ಮತ್ತೆ ಅವತ್ತು ನಿಮ್ಮ ಗಂಟಲು ಹಿಡೀತಾ?"

"ಒಳಗೆ ಬರೋವರ್ಗೂ ಇಲ್ಲ. ಒಳಗೆ ಬಂದ್ಮೇಲೆ ಹಿಡೀತು. ಮಾತೇ ಹೊರಡಲಿಲ್ಲ."

ಗಂಗೆ ಬೂದಿ ಚೆಲ್ಲುವುದನ್ನು ಮರೆತು ತಟ್ಟೆಯನ್ನು ಹಾಗೇ ಹಿಡಿದು ಒಳಗೆ ಬಂದಳು. ಅಜ್ಜಿ ತಟ್ಟೆಯನ್ನೂ ಅವಳ ಮುಖವನ್ನೂ ನೋಡಿದಳು.

ಇನ್ನೊಂದು ದಿನ ಮಂಕರಿಗೇ ಬೆಂಕಿ ಹತ್ತಿಕೊಂಡರೆ ಏನು ಮಾಡಬೇಕು ಅಂತ ಕೇಳಿದಳು. ಅವನು ಛತ್ರಿಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯಲ್ಲಿ ಮಂಕರಿ ಮಾಡಿ ತೋರಿಸಿದ. ಮಳೆ ಅವನ ತಲೆಯ ಮೇಲೆ ಬೀಳುತ್ತಿತ್ತು, ಅವನಿಗೆ ಅದರ ಪರಿವೆ ಇರಲಿಲ್ಲ.

"ಎತ್ತಲೇಬಾರದು ಕಣ್ರೀ. ಎತ್ತಿದ್ರೆ ಗಾಳಿ ನುಗ್ಗಿ ಭಗ್ ಅನ್ನುತ್ತೆ. ಒದ್ದೆ ಕಂಬಳಿ ತಂದು ನೆಲ ಮುಟ್ಟೋಹಂಗೆ ಮುಚ್ಚಿ, ಅಂಚು ಅದುಮಿ ಹಿಡೀಬೇಕು. ಉಸಿರು ಕಟ್ಟಿ ತಾನೇ ಸಾಯುತ್ತೆ. ಅದಕ್ಕಿಂತ ಮೊದಲು ಮಗೂನ ಹೊರಗೆ ಕಳಿಸ್ಬೇಕು."

"ನೀರು ಹೊಯ್ಯಬಾರದಾ?"

"ಕೆಂಡಕ್ಕೆ ಒಂದೇ ಸಲ ಹೊಯ್ಯಬಾರದು. ಬಿಸಿ ಬೂದಿ ಮುಖಕ್ಕೆ ಹಾರುತ್ತೆ."

"ಹಾರುತ್ತೆ, ಗೊತ್ತು," ಎಂದಳು ಗಂಗೆ. ಇಬ್ಬರೂ ನಕ್ಕರು. "ಹತ್ತದೇ ಇರೋಕೆ?"

"ಎಣ್ಣೆ ಜಿಡ್ಡಿನ ಬಟ್ಟೆ ಹಾಕ್ಬೇಡಿ, ಸೀಗೇಕಾಯಿಲಿ ಎರಡು ಸಲ ಒಗೆದೇ ಹಾಕಿ. ಒಂದರ ಮೇಲೊಂದು ಪೇರಿಸ್ಬೇಡಿ. ಬಿಟ್ಟು ಎದ್ದು ಹೋಗ್ಬೇಡಿ."

"ಎದ್ದು ಹೋಗದೇ ಇದ್ರೆ ಇಲ್ಲಿಗೆ ಹೆಂಗೆ ಬರ್ಲಿ?"

ಅವನು ನಕ್ಕು ಛತ್ರಿ ಎತ್ತಿಕೊಂಡ. ಆವತ್ತಿನಿಂದ ಅವಳು ಕೆಂಡ ತೆಗೆದು ಮಂಕರಿ ಬದಿಗಿಟ್ಟೇ ಹಿತ್ತಿಲಿಗೆ ಬರುತ್ತಿದ್ದಳು. ಬಾಣಲೆ ಎಣ್ಣೆಗೆ ಹತ್ತಿದರೆ, ಸೀಮೆಎಣ್ಣೆ ಸ್ಟವ್ ಹೊತ್ತಿಕೊಂಡರೆ, ಹುಲ್ಲಿನ ಬಣವೆಗೆ ಬಿದ್ದರೆ ಎಂದು ಕೇಳುತ್ತ ಹೋದಳು. ಕೊನೆಗೆ ದೇವರ ಮುಂದಿನ ದೀಪದ ಬತ್ತಿಯ ಪ್ರಶ್ನೆಯೂ ಮುಗಿಯಿತು.

"ಇನ್ನೇನು ಉಳಿದಿದೆ ಹತ್ತೋದಕ್ಕೆ?" ಎಂದು ಅವನೇ ಕೇಳಿದ, ಅವಳ ಕಣ್ಣನ್ನೇ ನೋಡುತ್ತ.

"ಯೋಚನೆ ಮಾಡಿ ನಾಳೆ ಹೇಳ್ತೀನಿ," ಎಂದು ಅವಳು ಓಡಿ ಬಂದಳು. ಎದೆ ಹೊಡೆದುಕೊಳ್ಳುವ ಸದ್ದು ಅಡಿಗೆಮನೆಗೂ ಕೇಳಿಸುತ್ತದೇನೋ ಅನ್ನಿಸಿ, ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಆ ನಾಳೆ ಬರಲಿಲ್ಲ. ಶಿರಾದಿಂದ ಗಂಡಿನ ಕಡೆಯವರು ಸೋಮವಾರ ಹೆಣ್ಣು ನೋಡಲು ಬರುತ್ತಾರೆ ಎಂದು ಅಪ್ಪ ಊಟದ ಹೊತ್ತಿಗೆ ಹೇಳಿದರು. ಹುಡುಗನಿಗೆ ಪಾತ್ರೆ ಅಂಗಡಿ, ಒಳ್ಳೇ ಮನೆತನ. ಗಂಗೆ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟಳು.

"ಎದುರು ಮನೆ ಹುಡುಗಾನೂ ನಮ್ಮೋರೇ ಅಂತೆ. ಬರಗೂರು ರುದ್ರಯ್ಯನ ಮಗ," ಎಂದಳು ಅಜ್ಜಿ, ಯಾರನ್ನೂ ನೋಡದೆ.

"ಬೆಂಕಿ ಜೊತೆ ಆಡೋ ನೌಕರಿ. ಅಂಥೋನ ಮನೆಗೆ ಹೆಣ್ಣು ಕೊಡೋದಾ? ಬುಡವ್ವ, ಆ ಮಾತು ಬುಡು," ಎಂದರು ಅಪ್ಪ. ಮತ್ತೆ ಗಂಗೆಯ ಕಡೆ ತಿರುಗಿ, "ನೀನಿನ್ನು ಬೂದಿ ಚೆಲ್ಲೋಕೆ ಹೋಗ್ಬೇಡ, ಕೆಲಸದ ಕೆಂಚಮ್ಮ ಹೋಗ್ತಾಳೆ," ಎಂದರು.

ಗಂಗೆ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಅಳ್ಬೇಡ ಕಣಮ್ಮ. ಅವನ್ನ ಅಣ್ಣ ಅಂದುಬುಡು, ಎಲ್ಲ ಸರಿಹೋಯ್ತದೆ. ಒಂದೇ ಒಂದು ಸಲ ಅನ್ನು ನೋಡಾನ," ಎಂದಳು ಅಜ್ಜಿ. ಗಂಗೆ ತುಟಿ ಬಿಗಿದುಕೊಂಡಳು. ಅಜ್ಜಿ ನಿಟ್ಟುಸಿರು ಬಿಟ್ಟು ಅವಳ ತಲೆ ಸವರಿದಳು.

ಸೋಮವಾರ ಜಡಿಯಲ್ಲೇ ಬಾಡಿಗೆ ಕಾರು ಬಂದು ನಿಂತಿತು. ಹುಡುಗ ಬೆವರು ಒರೆಸಿಕೊಳ್ಳುವ ಸಾಧು ಪ್ರಾಣಿ. ಅವನ ತಾಯಿ ನಾಗರತ್ನಮ್ಮ ಜರಿಯ ಸೀರೆಯಲ್ಲಿ ನಡುಮನೆ ತುಂಬ ಕೂತರು. ನೆಂಟರ ಕಣ್ಣಿಗೆ ಒದ್ದೆ ಬಟ್ಟೆ ಬೀಳಬಾರದೆಂದು ಅಜ್ಜಿ ಅವಸರದಲ್ಲಿ ಎಲ್ಲವನ್ನೂ ಬಾಚಿ ಮಂಕರಿಯ ಮೇಲೆ ಪೇರಿಸಿ, ಬಾಣಂತಿ ಕೋಣೆಯ ಬಾಗಿಲು ಮುಂದಕ್ಕೆಳೆದು ಬಂದಿದ್ದಳು. ಆ ರಾಶಿಯಲ್ಲಿ ಹರಳೆಣ್ಣೆ ಹೀರಿದ ಬಟ್ಟೆಯೂ ಇತ್ತು. ಊರಿನ ಅರ್ಧ ಬಾಣಂತನ ಮಾಡಿದ ಕೈ ಅದು. ಅವಸರ ಯಾರ ಕೈಯನ್ನೂ ಬಿಡುವುದಿಲ್ಲ.

ಗಂಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ತೇಲಿ ಬರುತ್ತಿತ್ತು.

"ಬಾಣಂತಿಗೆ ಸಾಂಬ್ರಾಣಿ ಹಾಕವ್ರೆ," ಎಂದರು ನಾಗರತ್ನಮ್ಮ ಮೆಚ್ಚಿಕೊಂಡು. "ಮನೆ ಅಂದ್ರೆ ಇಂಗಿರ್ಬೇಕು."

ಅಪ್ಪ ಹೆಮ್ಮೆಯಿಂದ ತಲೆಯಾಡಿಸಿದರು. ಆ ಮನೆಯಲ್ಲಿ ಹೊಗೆ ಎಂದರೆ ಸಾಂಬ್ರಾಣಿಯೇ. ಗಂಗೆ ಒಂದು ಉಸಿರೆಳೆದಳು. ಆ ವಾಸನೆ ಮೂಗಿಗೆ ಬರಲಿಲ್ಲ, ಗಂಟಲು ಹಿಡಿಯಿತು.

ತಟ್ಟೆಯನ್ನು ಹುಡುಗನ ಕೈಗೇ ಕೊಟ್ಟು ಅವಳು ಓಡಿದಳು. ಮಂಕರಿ ಒಳಗಿನಿಂದ ಕೆಂಪಗೆ ಉರಿಯುತ್ತಿತ್ತು. ಅಕ್ಕ ಮಂಚದ ಮೇಲೆ ಗಾಢ ನಿದ್ದೆಯಲ್ಲಿದ್ದಳು, ಮಗು ಪಕ್ಕದಲ್ಲಿ ಕೆಮ್ಮುತ್ತಿತ್ತು. ಗಂಗೆ ಮಗುವನ್ನು ಎತ್ತಿ, ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ತಳ್ಳಿ, ಕೂಸನ್ನು ಎದುರಿಗೆ ಸಿಕ್ಕ ಮಡಿಲಿಗೆ ಹಾಕಿದಳು. ಅದು ನಾಗರತ್ನಮ್ಮನ ಜರಿ ಮಡಿಲು. ಕೂಸು ಮಾಡಬೇಕಾದ್ದನ್ನು ಅಲ್ಲೇ ಮಾಡಿತು.

"ಮಂಕರಿ ಎತ್ತಿ ಹೊರಗೆ ಎಸಿ," ಎಂದು ಕೂಗಿದರು ಅಪ್ಪ.

"ಎತ್ತಬಾರದು ಅಪ್ಪಾಜಿ, ಯಾರೂ ಮುಟ್ಟಬೇಡಿ."

ಬಚ್ಚಲಿನ ತೊಟ್ಟಿಯಲ್ಲಿ ಕಂಬಳಿ ಅದ್ದಿ ಎಳೆದು ತಂದಳು. ರೇಷ್ಮೆ ಸೀರೆ ನೆನೆದು ಕಾಲಿಗೆ ಸುತ್ತಿಕೊಂಡಿತು. ಮಂಕರಿಯ ಮೇಲೆ ಕಂಬಳಿ ಹೊದಿಸಿ, ಅಂಚನ್ನು ಮಂಡಿಯಲ್ಲಿ ಅದುಮಿ ಕೂತಳು. ಒಳಗೆ ಬೆಂಕಿ ಗುರುಗುಟ್ಟಿ, ಉಸಿರುಗಟ್ಟಿ, ಸುಮ್ಮನಾಗತೊಡಗಿತು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ತಲೆಯ ಮೇಲೆ ಚಟಪಟ ಸದ್ದು. ಅಟ್ಟದಿಂದ ಇಳಿಬಿಟ್ಟ ಬಟ್ಟೆಯ ಗಳಕ್ಕೆ ಕಿಡಿ ಹತ್ತಿತ್ತು. ಕಂಬಳಿ ಬಿಡುವ ಹಾಗಿಲ್ಲ, ಗಳ ಕೈಗೆಟುಕುವ ಹಾಗಿಲ್ಲ.

ಅವಳು ಕಿಟಕಿಯ ಕಡೆ ಮುಖವೆತ್ತಿದಳು. ಶಿರಾದವರು, ಅಪ್ಪ, ಅಜ್ಜಿ, ಬಾಗಿಲಲ್ಲಿ ನೆರೆದ ಬೀದಿಯವರು ಯಾರೂ ಅವಳ ನೆನಪಿನಲ್ಲಿರಲಿಲ್ಲ.

"ನಂದೀಶ," ಎಂದು ಕೂಗಿದಳು, ಊರಿಗೇ ಕೇಳುವಂತೆ. "ನಂದೀಶ, ಬೇಗ ಬಾ."

ಅಣ್ಣ ಇಲ್ಲ, ರೀ ಇಲ್ಲ, ಬನ್ನಿ ಇಲ್ಲ. ಬಾ ಅಂದಳು, ಅವನು ಬಂದ. ಹಿತ್ತಿಲ ಗೋಡೆ ಹಾರಿ, ಒದ್ದೆ ಗೋಣಿಚೀಲ ಹಿಡಿದು ಓಡಿ ಬಂದವನು ಕೋಣೆಯ ಹೊಸ್ತಿಲಲ್ಲಿ ಗಕ್ಕನೆ ನಿಂತ. ಒಳಗೆ ಬೆಂಕಿ ಉರಿಯುತ್ತಿದೆ, ಇವನು ಅಜ್ಜಿಯ ಮುಖ ನೋಡುತ್ತಿದ್ದಾನೆ.

"ಅಜ್ಜಿ, ಬಾಣಂತಿ ಕೋಣೆ. ಒಳಗೆ ಬರಬಹುದಾ?"

"ಬಾರೋ ಮಾರಾಯ. ಕೇಳೋ ದಿನ ಕೇಳಲಿಲ್ಲ, ಈಗ ಕೇಳ್ತಾನೆ," ಎಂದಳು ಅಜ್ಜಿ.

ಅವನು ಮಂಚ ಹತ್ತಿ, ಗಳ ಕಿತ್ತು ಕೆಳಗೆಸೆದು, ಗೋಣಿಚೀಲ ಹಾಕಿ ತುಳಿದ. ಆಮೇಲೆ ಗಂಗೆಯ ಎದುರು ಮಂಡಿಯೂರಿ, ಕಂಬಳಿಯ ಇನ್ನೊಂದು ಅಂಚು ಅದುಮಿ ಹಿಡಿದ. ಹೊಗೆಯೊಳಗೆ ಇಬ್ಬರ ಮುಖವೂ ಒಂದು ಮೊಳದ ದೂರದಲ್ಲಿತ್ತು.

"ನಿನ್ನ ಕೈ ಸುಟ್ಟಿದೆಯಾ?" ಎಂದು ಕೇಳಿದ ಮೆಲ್ಲಗೆ. ಅವನ ಬಾಯಿಂದಲೂ ನೀವು ಜಾರಿ ಹೋಗಿತ್ತು.

"ಇಲ್ಲ," ಎಂದಳು. "ಎತ್ತಲಿಲ್ಲ. ನೀನು ಹೇಳಿದಂಗೇ ಮಾಡ್ದೆ." ಅವನು ಕಂಬಳಿಯ ಅಂಚಿನಲ್ಲೇ ಅವಳ ಕೈಯನ್ನು ತನ್ನ ಕೈಯಿಂದ ಮುಚ್ಚಿದ. ಬೆಂಕಿ ಪೂರ್ತಿ ಆರಿ ಎಷ್ಟೋ ಹೊತ್ತಾಗಿತ್ತು, ಇಬ್ಬರೂ ಅದುಮಿ ಹಿಡಿದೇ ಇದ್ದರು.

ನಡುಮನೆಯಲ್ಲಿ ನಾಗರತ್ನಮ್ಮ ಒದ್ದೆ ಸೀರೆಯಲ್ಲೇ ಕೂಸನ್ನು ತಟ್ಟುತ್ತ ಕೂತಿದ್ದರು. ಒಳ್ಳೆಯ ಹೆಂಗಸು. ಎದ್ದು ಕೂಸನ್ನು ಸರೋಜಳಿಗೆ ಕೊಟ್ಟು, ಮಹಾಲಿಂಗಯ್ಯನವರಿಗೆ ಕೈಮುಗಿದರು.

"ನಿಮ್ಮ ಹುಡುಗಿ ಅಪರಂಜಿ ಕಣಣ್ಣ. ಆದ್ರೆ ಕಷ್ಟದಲ್ಲಿ ಅವಳ ಬಾಯಿಗೆ ಬಂದ ಹೆಸರು ನಮ್ಮ ಹುಡುಗಂದಲ್ಲ." ಅವರ ಮಗ ಅಷ್ಟರಲ್ಲಿ ಉಪ್ಪಿಟ್ಟು ಮುಗಿಸಿದ್ದ.

ಕಾರು ಹೋಯಿತು. ಅಪ್ಪ ಕಂಬಕ್ಕೆ ಒರಗಿ ಕೂತರು. ಮರ್ಯಾದೆ ಹೋಯಿತು, ಬೆಂಕಿ ಕೆಲಸದವನು, ಎಂದು ಏನೋ ಶುರು ಮಾಡಿದರು. ಅಜ್ಜಿ ಅವರ ಮುಂದೆ ಬಂದು ನಿಂತಳು.

"ಬೆಂಕಿ ಅವನ ನೌಕರೀಲಿ ಇರಲಿಲ್ಲ ಕಣಪ್ಪ, ನಮ್ಮ ಮನೇಲೇ ಇತ್ತು. ಎಣ್ಣೆ ಬಟ್ಟೆ ಪೇರಿಸಿದೋಳು ನಾನೇ. ಆ ಹುಡುಗ ಗೋಡೆ ಹತ್ರ ಇವಳಿಗೆ ಹೇಳ್ಕೊಡದೆ ಇದ್ದಿದ್ರೆ, ನಾವೆಲ್ಲ ಸಾಂಬ್ರಾಣಿ ಸಾಂಬ್ರಾಣಿ ಅಂತ ಕೂತಿರ್ತಿದ್ವಿ."

ಮಹಾಲಿಂಗಯ್ಯನವರು ಕೂಸಿನ ಕಡೆ ನೋಡಿದರು. ಅದು ಸರೋಜಳ ಹೆಗಲ ಮೇಲೆ ಬಾಯಿ ಚಪ್ಪರಿಸುತ್ತಿತ್ತು. ಆಮೇಲೆ ನಂದೀಶನ ಕಡೆ ತಿರುಗಿ, "ಬರಗೂರು ರುದ್ರಯ್ಯನೋರು ಈ ಜಡೀಲಿ ಊರಲ್ಲೇ ಇರ್ತಾರೇನಪ್ಪ?" ಎಂದು ಕೇಳಿದರು. ನಂದೀಶ ತಲೆಯಾಡಿಸಿದ. ಬಾಯಿ ತೆರೆದರೆ ನಗು ಆಚೆ ಬರುತ್ತಿತ್ತು.

ಗಂಗೆ ಮಸಿ ಮುಖದಲ್ಲೇ ಬಾಗಿಲ ಹಿಂದೆ ನಿಂತಿದ್ದಳು. ಅಜ್ಜಿ ಅವಳ ಗಲ್ಲ ಹಿಡಿದೆತ್ತಿದಳು.

"ಅಣ್ಣ ಅನ್ನು ಅಂದೆ, ಅನ್ನಲಿಲ್ಲ. ಬೀದಿಗೆಲ್ಲ ಕೇಳೋಹಂಗೆ ಹೆಸರು ಹಿಡಿದು ಕೂಗಿದೆ. ಇನ್ನು ಆಯ್ತು ಕಣಮ್ಮ. ಇವತ್ತಿಂದ ಅವನ ಹೆಸರು ನಿನ್ನ ಬಾಯಲ್ಲಿ ಬರೋ ಹಂಗಿಲ್ಲ. ಗಂಡನ ಹೆಸರು ಹೇಳಬಾರದು."

ಗಂಗೆ ತಲೆಯೆತ್ತಿದಳು. ಹೊಸ್ತಿಲಾಚೆ ನಿಂತವನು ಅವಳನ್ನೇ ನೋಡುತ್ತಿದ್ದ, ಮೊದಲ ದಿನ ನೋಡಿದ ಹಾಗೆ. ಅವಳು ಅಜ್ಜಿಯ ಹೆಗಲಿನ ಮೇಲಿಂದ, ಸದ್ದಿಲ್ಲದೆ, ಬರೀ ತುಟಿಯಲ್ಲಿ ಆ ಹೆಸರನ್ನು ಕೊನೆಯದಾಗಿ ಒಂದು ಸಲ ಹೇಳಿದಳು. ಅವನು "ಹ್ಞೂಂ" ಅಂದ.