ಮೂಲೆಯ ಸರ್ವರಿನ ನೀಲಿ ದೀಪ

ಎಡಗೈಯಲ್ಲಿ ಆರುತ್ತಿದ್ದ ಚಹಾ, ಬಲಗೈಯಲ್ಲಿ ಮೌಸ್. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳು ಒಂದೊಂದೇ ಸರ್ವರಿನ ಕಾರ್ಡನ್ನು ಮಾತಾಡಿಸುತ್ತಾ ಬಂದಳು. ಎಲ್ಲವೂ ಓಗೊಟ್ಟವು.

ಮೂಲೆಯದೊಂದು ಮಾತ್ರ ಮೌನ!

ಸರ್ವರ್ ಕಂಪ್ಯೂಟರಿನೊಳಗೆ ಕೂರುವ ಪುಟ್ಟ ಕಾರ್ಡ್ ಅದು. ಸರ್ವರ್ ಮಲಗಿದರೂ ತಾನು ಎಚ್ಚರವಿರುತ್ತದೆ. ಅದಕ್ಕೆ ತನ್ನದೇ ಬೇರೆ ಕೇಬಲ್. ಅದಿದ್ದರೆ ದೂರದ ಊರಿನ ಸರ್ವರನ್ನು ಕುರ್ಚಿ ಬಿಡದೆ ಎಬ್ಬಿಸಬಹುದು. ಇಲ್ಲದಿದ್ದರೆ ಅಲ್ಲಿನ ಟೆಕ್ನಿಷಿಯನ್‌ಗೆ ಫೋನ್ ಮಾಡಬೇಕು, ಅವನು ಹೋಗಿ ಬಟನ್ ಒತ್ತಬೇಕು.

ಇಷ್ಟು ದಿನ ನಡೆದದ್ದು ಹಾಗೆಯೇ; ಈಗ ಅವನೇ ಒಂದೊಂದು ಸರ್ವರಿಗೂ ಕಾರ್ಡ್ ಹಾಕುತ್ತಾ ಬಂದಿದ್ದ. ಮುಖ ನೋಡಿರದ ಅವನಿಗೆ ಅವಳಿಟ್ಟ ಹೆಸರು ‘ಬಟನ್ ಸಾಹೇಬ’.

“ಸರ್ವರ್ ಕೆಟ್ರೆ ನಿನ್ನ ಮುಖ ಅರಳುತ್ತಲ್ಲೇ!” ಎಂದು ಅಕ್ಕ ಛೇಡಿಸುತ್ತಿದ್ದಳು.

ಆದರೆ ಈಚೆಗೆ ಕಾರ್ಡಿನ ಮಾತೆತ್ತಿದರೆ ಸಾಕು, ಅವನು ನುಣುಚಿಕೊಳ್ಳುತ್ತಿದ್ದ. ನನ್ನ ಕಾಟ ಸಾಕಾಯಿತೇ ಇವನಿಗೆ...?

ಫೋನ್ ಮಾಡಿದಳು.

“ಸಾಹೇಬ್ರೇ, ಆ ಮೂಲೆ ಸರ್ವರಿಗೆ ಕಾರ್ಡ್ ಹಾಕಿದ್ರಾ?”

“ಹಾಕಿದೀನಿ ಮೇಡಂ.”

“ಕೇಬಲ್?”

ಸರ್ವರ್ ಕೋಣೆಯ ಫ್ಯಾನುಗಳ ಭೋರ್ಗರೆತದ ನಡುವೆ ಅವನ ದನಿ ತಗ್ಗಿತು.

“ಕೈಯಲ್ಲಿದೆ.”

“ಮೊಟ್ಟೆಯೇನ್ರೀ ಅದು, ಕಾವು ಕೊಡೋಕೆ?”

ಅವನು ನಗಲಿಲ್ಲ. ಪ್ರತಿ ಸಲ ನಗುತ್ತಿದ್ದವನು...

“ನನ್ನ ಜೊತೆ ಮಾತಾಡೋದು ಬೇಜಾರಾದ್ರೆ ಹೇಳ್ಬಿಡಿ. ಆ ಕೇಬಲ್ ಒಂದು ಹಾಕಿ, ಇನ್ಮೇಲೆ ನಾನು ಫೋನೇ ಮಾಡಲ್ಲ!”

“ಅದಕ್ಕೇ ಹಾಕಿಲ್ಲ, ಮೇಡಂ.”

“ಯಾವುದಕ್ಕೆ?”

“ಉಳಿದಿದ್ದು ಇದೊಂದೇ. ಇದನ್ನೂ ಹಾಕಿದ್ರೆ... ನೀವು ಯಾವ ನೆಪಕ್ಕೆ ಫೋನ್ ಮಾಡ್ತೀರಿ?”

ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಅಯ್ಯೋ... ನಾನು ಏನೆಂದುಕೊಂಡಿದ್ದೆ!

ಅವನು ಕನ್ನಡಕ ಹಾಕುತ್ತಾನೆಯೇ? ನಗುವಾಗ ಮೊದಲು ಕಣ್ಣು ನಗುತ್ತದೆಯೋ, ತುಟಿಯೋ? ಇಷ್ಟು ಮಾತಾಡಿಯೂ ಎಷ್ಟೊಂದು ಗೊತ್ತಿಲ್ಲ!

“ಹಾಕಿ,” ಎಂದಳು ಮೆಲ್ಲಗೆ. “ಆ ಸರ್ವರ್ ಕೈಕೊಟ್ರೆ ಪಾಪ, ಜನ ಪರದಾಡ್ತಾರೆ.”

ಅವನು ಕೇಬಲ್ ಸಿಕ್ಕಿಸಿದ. ಸ್ವಲ್ಪ ಹೊತ್ತಿಗೆ ಅವಳ ಪರದೆಯಲ್ಲಿ ಕಾರ್ಡ್ ಕಣ್ಣುಬಿಟ್ಟಿತು.

ಸಾಲುಸಾಲು ಸರ್ವರುಗಳಲ್ಲಿ ಬೇಕಾದ್ದನ್ನು ಗುರುತಿಸಲೆಂದೇ ಮುಂದುಗಡೆ ಒಂದು ನೀಲಿ ದೀಪವಿರುತ್ತದೆ. ಅದನ್ನು ಇಲ್ಲಿಂದಲೇ ಹೊತ್ತಿಸಿದಳು.

“ಬಂತಾ?”

“ಬಂತು... ಮಿನುಗ್ತಿದೆ. ಆರಿಸ್ಲಾ?”

“ಬೇಡ, ಇರ್ಲಿ.”

“ಎಲ್ಲಿವರೆಗೆ?”

“ಗುರುತು ಸಿಗೋವರೆಗೆ.”

“ಯಾರಿಗೆ ಮೇಡಂ?”

“ಫೋನಿಡ್ತೀನಿ, ಸಾಹೇಬ್ರೇ.”

ಅಡುಗೆಮನೆಯಿಂದ ಅಕ್ಕ ಇಣುಕಿದಳು. “ಏನಂತೆ ನಿನ್ನ ಸಾಹೇಬರದು?”

“ಏನಿಲ್ಲ. ಕೇಬಲ್ ಹಾಕಿರ್ಲಿಲ್ಲ, ಹಾಕಿದ್ರು.”

ಆರಿದ ಚಹಾ ಕುಡಿಯುತ್ತಾ ಅವಳು ಅವನ ಊರಿಗೆ ಶನಿವಾರ ಬೆಳಗಿನ ರೈಲು ಹುಡುಕಿದಳು. ಆ ದೀಪ ಆರಿಸಲು ಸರ್ವರಿನ ಮೇಲೂ ಒಂದು ಬಟನ್ ಇದೆ.

ಈ ಸಲ ಅದನ್ನು ತಾನೇ ಹೋಗಿ ಒತ್ತಬೇಕು.

ಅಕ್ಕನಿಗೂ ಹೇಳಲಿಲ್ಲ.