ಕೊಂಡು ತಂದ ಎಂಟನೆಯ ಕುದುರೆ

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜನಿಗೂ ಹಲ್ಲು ಮೂಡುವ ಮೊದಲು, ಅಂಜನಗಡಿ ಎಂಬ ರಾಜ್ಯವಿತ್ತು. ಅದಕ್ಕೆ ಉದ್ದಂಡವರ್ಮ ಎಂಬ ರಾಜನಿದ್ದ. ಅವನು ಹೆಸರಿಗೆ ರಾಜ. ಅವನ ಕಿವಿಯ ಬಳಿ ಕೂತು ಆಳುತ್ತಿದ್ದವನು ಕುಟಿಲಾಂಗ ಎಂಬ ಮಾಯಾವಿ.

ಅರಮನೆಯ ಲಾಯದಲ್ಲಿ ಏಳು ಕುದುರೆಗಳಿದ್ದವು. ಅವು ಯಾವ ಕುದುರೆಯ ಹೊಟ್ಟೆಯಲ್ಲೂ ಹುಟ್ಟಿದವಲ್ಲ. ಏಳೂ ಮನುಷ್ಯರು. "ನಮ್ಮ ಕೆರೆಯ ನೀರು ಅರಮನೆಯ ತೋಟಕ್ಕೆ ಯಾಕೆ ಹೋಗುತ್ತದೆ?" ಎಂದು ಕೇಳಿದವನೊಬ್ಬ. "ಈ ಬಿಟ್ಟಿ ದುಡಿಮೆ ಇನ್ನೆಷ್ಟು ದಿನ?" ಎಂದು ಕೇಳಿದವಳೊಬ್ಬಳು. ಹೀಗೆ ಏಳು ಜನ ಏಳು ಪ್ರಶ್ನೆ ಕೇಳಿದರು. ಕುಟಿಲಾಂಗ ಒಬ್ಬೊಬ್ಬರ ಮೇಲೂ ಒಂದೊಂದು ಹಿಡಿ ಮಂಕುಬೂದಿ ಎರಚಿದ. ಬೂದಿ ಬೆನ್ನಿಗೆ ಅಂಟಿತು, ಕೈ ಕಾಲಾಯಿತು, ಮಾತು ಕೆನೆತವಾಯಿತು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಊರು ಬಾಯಿಗೆ ಬೀಗ ಹಾಕಿಕೊಂಡು ಹುಲ್ಲು ಕೊಯ್ದು ಲಾಯಕ್ಕೆ ಹಾಕುತ್ತಿತ್ತು.

ಕುಟಿಲಾಂಗನ ಹತ್ತಿರ ಒಂದು ಮಾಯಾರಥವಿತ್ತು. ಅದಕ್ಕೆ ಎಂಟು ಕುದುರೆ ಬೇಕಿತ್ತು. ಏಳಾದ ಮೇಲೆ ಎಂಟನೆಯದು ಸಿಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ರಾಜ್ಯದಲ್ಲಿ ಪ್ರಶ್ನೆ ಕೇಳುವವರೇ ಇರಲಿಲ್ಲ. ಅದಕ್ಕೇ ಅವನು ಎಂಟನೆಯದನ್ನು ಉತ್ತರದ ಕುದುರೆ ಸಂತೆಯಿಂದ ಕೊಂಡು ತಂದ. ಎರಡು ವರ್ಷದ ಕಂದು ಮರಿ ಅದು. ಕುದುರೆಯ ಹೊಟ್ಟೆಯಲ್ಲೇ ಹುಟ್ಟಿದ ಅಪ್ಪಟ ಕುದುರೆ.

ಆ ಲಾಯದ ಆಳು ಸಣ್ಣೀರಿ ಎಂಬ ಹುಡುಗಿ. ಬಿಟ್ಟಿಯ ಬಗ್ಗೆ ಕೇಳಿದವಳು ಅವಳ ಅಕ್ಕ ದೊಡ್ಡೀರಿ. ಅಕ್ಕನ ಹತ್ತಿರವಾದರೂ ಇರೋಣ ಎಂದು ಸಣ್ಣೀರಿ ಲಾಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಆದರೆ ಏಳರಲ್ಲಿ ಅಕ್ಕ ಯಾವುದು ಎಂದು ಅವಳಿಗೆ ತಿಳಿಯದು. ದಿನಾ ಒಂದೊಂದರ ಕಿವಿಯಲ್ಲೂ "ಅಕ್ಕಾ" ಎನ್ನುತ್ತಿದ್ದಳು. ಒಂದೂ ತಿರುಗಿ ನೋಡುತ್ತಿರಲಿಲ್ಲ.

ಕುಟಿಲಾಂಗ ಮರಿಯ ಹಗ್ಗವನ್ನು ಅವಳ ಕೈಗೆ ಎಸೆದು ಹೇಳಿದ: "ಮೂರು ಹಗಲು ಕೊಟ್ಟಿದ್ದೇನೆ ಕಣೇ. ಮೂರನೆಯ ಹೊತ್ತು ಮುಳುಗುವುದರೊಳಗೆ ಇದು ಈ ಏಳರ ಜೊತೆ ಮೈಗೆ ಮೈ ತಾಗಿಸಿ ನಿಲ್ಲಬೇಕು. ನಿಲ್ಲದಿದ್ದರೆ ಇದೂ ನನ್ನ ಕಿರುಬನಿಗೆ, ನೀನೂ ನನ್ನ ಕಿರುಬನಿಗೆ."

ಅವನ ಹಿಂದೆ ಬೆಂಕಿಬಾಯಿಯ ಕತ್ತೆಕಿರುಬ ನಾಲಿಗೆ ಚಾಚಿ ನಿಂತಿತ್ತು. ಸಣ್ಣೀರಿ "ಆಗಲಿ ಬುದ್ಧಿ" ಎಂದಳು. ಬೇರೆ ಏನು ಅನ್ನಬಹುದಿತ್ತು?

ಮೊದಲನೆಯ ಹಗಲು. ಕುಟಿಲಾಂಗ ತಾನೇ ಚಾವಟಿ ಬೀಸಿ ಮರಿಯನ್ನು ಲಾಯದೊಳಕ್ಕೆ ನುಗ್ಗಿಸಿದ. ಅಲ್ಲಿ ಅವನದೇ ಒಂದು ಕಟ್ಟಳೆಯಿತ್ತು: ಏಳು ಬಾಯಿಗೆ ಒಂದೇ ಗುಡ್ಡೆ ಹುಲ್ಲು. ಏಳೂ ಅದನ್ನು ಸುತ್ತಿಕೊಂಡಿದ್ದವು. ಅವುಗಳಲ್ಲಿ ಮುಂದಾಳು ಒಂದು ಬಿಳಿ ಕುದುರೆ. ಅದು ಕಿವಿ ಹಿಂದಕ್ಕೆ ಮಡಚಿ, ತಿರುಗಿ ನಿಂತು, ಎರಡೂ ಹಿಂಗಾಲಿನಿಂದ ಒದ್ದಿತು. ಮರಿ ಮೂಲೆಗೆ ಬಿತ್ತು. ಮೂಲೆಗೆ ಬಿದ್ದದ್ದನ್ನು ಉಳಿದ ಆರೂ ಕಚ್ಚಿದವು. ದೊಡ್ಡ ಒದೆ ತಿಂದವನು ಸಣ್ಣ ಒದೆ ಕೊಡಲು ಒಬ್ಬನನ್ನು ಹುಡುಕುತ್ತಾನಲ್ಲ, ಹಾಗೆ.

ಸಣ್ಣೀರಿ ಬಿದಿರಿನ ಗಳ ಹಿಡಿದು ನಡುವೆ ಹಾರಿದಳು. ಬಿಳಿ ಕುದುರೆಯ ಇನ್ನೊಂದು ಒದೆ ಅವಳ ಎಡಗೈಗೆ ಬಿತ್ತು. ಮೂಳೆ ಲಟಕ್ಕೆಂದಿತು. ಬಲಗೈಯಲ್ಲೇ ಮರಿಯನ್ನು ಎಳೆದುಕೊಂಡು ಹೊರಬಂದಳು.

ಕುಟಿಲಾಂಗ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದೆಯಾ ಇವುಗಳ ಗುಣ?"

"ಅದು ಗುಣ ಅಲ್ಲ ಬುದ್ಧಿ, ಹಸಿವು."

"ಏನಂದೆ?"

"ಏನೂ ಇಲ್ಲ ಬುದ್ಧಿ."

ಅವನು ಹೋದ ಮೇಲೆ ಹುಲ್ಲು ಕೊಯ್ಯುವ ಮುದ್ದಪ್ಪ ಬಂದ. ಪ್ರಾಯದಲ್ಲಿ ಕುದುರೆ ಸಾಕಿ ಈಗ ಬೆನ್ನು ಬಾಗಿದ ಮುದುಕ. ಅವಳ ಕೈಗೆ ಬಿದಿರಿನ ಸೀಳು ಕಟ್ಟುತ್ತ ಬೈದ.

"ಬಂದ ದಿನವೇ ಯಾರಾದ್ರೂ ಒಳಗೆ ನುಗ್ಗಿಸ್ತಾರಾ? ಆ ಮಾಯಾವಿಗೆ ಮಂತ್ರ ಗೊತ್ತು, ಕುದುರೆ ಗೊತ್ತಿಲ್ಲ. ಮೊದಲು ಆ ಏಳನ್ನೂ ಬಯಲಿಗೆ ಬಿಡು ಮಗಾ. ಬಯಲಿಗೆ ಮೂಲೆ ಇರಲ್ಲ. ನಡುವೆ ಒಂದು ಬೇಲಿ ಹಾಕು. ಬೇಲಿ ಮೇಲೆ ಮೂಗಿಗೆ ಮೂಗು ತಾಗಲಿ, ಕಿರುಚಾಡಲಿ, ಬೈದಾಡಲಿ. ಆಮೇಲೆ ಎಂಟು ಬಾಯಿಗೆ ಒಂಬತ್ತು ಗುಡ್ಡೆ ಹುಲ್ಲು ಹಾಕು, ದೂರ ದೂರ."

"ಒಂಬತ್ತು ಯಾಕೆ ತಾತ?"

"ಒಂದರಿಂದ ಓಡಿಸಿದ್ರೆ ಹೋಗಿ ತಿನ್ನೋಕೆ ಇನ್ನೊಂದು ಇರಬೇಕಲ್ಲ, ಅದಕ್ಕೆ. ಒಂದು ಗುಡ್ಡೆ ಮಿಕ್ಕರೆ ಜಗಳ ತಾನಾಗೇ ಸಾಯ್ತದೆ. ಇದು ಅರಮನೆಯವರಿಗೆ ಗೊತ್ತಿಲ್ಲ ಅಂದ್ಕೊಂಡೆಯಾ? ಗೊತ್ತಿದ್ದೇ ಒಂದು ಗುಡ್ಡೆ ಹಾಕಿಸೋದು."

ಎರಡನೆಯ ಹಗಲು. ಲಾಯದ ಹಿಂದಿನ ಬಯಲಿನಲ್ಲಿ ಬಿದಿರಿನ ಬೇಲಿ ಬಂತು. ಏಳು ಕುದುರೆ ಆಚೆ, ಮರಿ ಈಚೆ. ಮುದ್ದಪ್ಪ ಬಾಗಿದ ಬೆನ್ನಿನಲ್ಲೇ ಹೊರೆ ಹೊರೆ ಹುಲ್ಲು ತಂದು ಬೇಲಿಯುದ್ದಕ್ಕೂ ಒಂಬತ್ತು ಗುಡ್ಡೆ ಹಾಕಿದ. ಬಿಳಿ ಕುದುರೆ ಬಂದು ಮರಿಯ ಮೂಗು ಮೂಸಿ ಕಿರುಚಿ ಬೇಲಿಗೆ ಒದ್ದಿತು. ಮರಿ ಹಿಂದೆ ಸರಿದು ಮತ್ತೆ ಬಂತು. ಮತ್ತೆ ಒದೆ, ಮತ್ತೆ ಬಂತು. ಹೊತ್ತು ಇಳಿಯುವಾಗ ಎರಡೂ ಬೇಲಿಯ ಎರಡು ಪಕ್ಕದಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು.

ಕುಟಿಲಾಂಗ ನೋಡಿ ಹಿಗ್ಗಿದ. "ಭಲೆ! ನಾಳೆ ಎಂಟೂ ಸೇರಿದರೆ ನನ್ನ ರಥ ಮೇಲೇಳುತ್ತದೆ. ಒಬ್ಬೊಬ್ಬರಿಗೇ ಎರಚಿ ಎರಚಿ ನನ್ನ ತೋಳು ಸೋತಿದೆ. ನಾಳೆ ಮೋಡದ ಮೇಲಿಂದ ಇಡೀ ಅಂಜನಗಡಿಗೆ ಬೂದಿ ಸುರಿಯುತ್ತೇನೆ. ಆಮೇಲೆ ಪ್ರಶ್ನೆಯೂ ಇಲ್ಲ, ಪ್ರಜೆಯೂ ಇಲ್ಲ."

ಆಗ ಅವನ ಕಣ್ಣು ಹುಲ್ಲಿನ ಗುಡ್ಡೆಗಳ ಮೇಲೆ ಬಿತ್ತು.

"ಕಟ್ಟಳೆ ಮೀರಿ ಹುಲ್ಲು ಕೊಯ್ದವರು ಯಾರು?"

"ನಾನೇ," ಎಂದ ಮುದ್ದಪ್ಪ. "ನಿನ್ನ ಕಿರುಬನಿಗೆ ಹಲ್ಲು ಗಟ್ಟಿ ಇದ್ಯಾ ಬುದ್ಧಿ? ನನ್ನ ಮೈಯಲ್ಲಿ ಬರೀ ಮೂಳೆ."

ಕಿರುಬನ ಹಲ್ಲು ಗಟ್ಟಿಯಿದ್ದವು. ಗೋಡೆಯಾಚೆ ನಿಂತು ನೋಡುತ್ತಿದ್ದ ಊರಿನವರು ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬಯಲಿನಲ್ಲಿ ಮುದುಕನ ಕುಡುಗೋಲು ಒಂದು ಉಳಿಯಿತು.

ಮೂರನೆಯ ಹಗಲು. ಸಣ್ಣೀರಿ ಕುಡುಗೋಲು ಹಿಡಿದು ಯೋಚಿಸಿದಳು. ಮರಿಯನ್ನು ಸೇರಿಸಿದರೆ ರಾಜ್ಯವೆಲ್ಲ ಮೃಗವಾಗುತ್ತದೆ. ಸೇರಿಸದಿದ್ದರೆ ಮರಿಯೂ ಸಾಯುತ್ತದೆ, ತಾನೂ ಸಾಯುತ್ತೇನೆ, ಅವನು ಸಂತೆಯಿಂದ ಇನ್ನೊಂದನ್ನು ತರುತ್ತಾನೆ. ಆ ಇನ್ನೊಂದಕ್ಕೆ ಒಂಬತ್ತು ಗುಡ್ಡೆ ಹಾಕುವವರು ಯಾರು? "ಇವು ಸೇರಲಿ. ಸೇರಿದ ಎಂಟು ಜೀವ ಯಾರ ಮಾತು ಕೇಳ್ತವೋ ಆಮೇಲೆ ನೋಡೋಣ," ಎಂದುಕೊಂಡಳು. ಒಂದೇ ಕೈಯಲ್ಲಿ ಹುಲ್ಲು ಕೊಯ್ದು, ಎಲ್ಲರಿಗೂ ಕಾಣುವಂತೆ ಒಂಬತ್ತು ಗುಡ್ಡೆ ಹಾಕಿ, ಬೇಲಿ ಕಿತ್ತಳು.

ಬಿಳಿ ಕುದುರೆ ಮರಿಯನ್ನು ಒಂದು ಗುಡ್ಡೆಯಿಂದ ಓಡಿಸಿತು. ಮರಿ ಇನ್ನೊಂದಕ್ಕೆ ಹೋಯಿತು. ಕರಿ ಕುದುರೆ ಅಲ್ಲಿಂದ ಓಡಿಸಿತು. ಮರಿ ಮತ್ತೊಂದಕ್ಕೆ ಹೋಯಿತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಓಡಿಸಲು ಯಾರಿಗೂ ಬೇಕಾಗಲಿಲ್ಲ. ಹೊಟ್ಟೆ ತುಂಬಿತ್ತು.

ಎಲ್ಲ ಏಳರ ಬೆನ್ನಿನ ಮೇಲೂ, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ, ಬೂದಿ ಹೆಪ್ಪುಗಟ್ಟಿತ್ತು. ಅಲ್ಲಿಗೆ ಕುದುರೆಯ ಸ್ವಂತ ಬಾಯಿ ಎಟುಕುವುದಿಲ್ಲ. ಸಣ್ಣೀರಿ ಮೂರು ವರ್ಷ ಉಜ್ಜಿದರೂ ಹೋಗದ ಬೂದಿ ಅದು. ಲಾಯದ ಆಳಿನ ಕೈಗೆ ಅದು ಬಗ್ಗದು. ಅದೇ ಲಾಯದಲ್ಲಿ ಕುದುರೆಯಾಗಿ ಜೊತೆಗೆ ಒದೆ ತಿಂದವರಿಗೆ ಮಾತ್ರ ಬಗ್ಗುವುದು. ಆದರೆ ಆ ಏಳು ಒಂದರ ಬೆನ್ನನ್ನು ಇನ್ನೊಂದು ಕಚ್ಚಿದ್ದು ಉಂಟು, ಕೆರೆದದ್ದಿಲ್ಲ. ಕುದುರೆ ಮರಿಯಾಗಿ ತಾಯಿಯ ಪಕ್ಕ ಬೆಳೆದಿದ್ದರಲ್ಲವೇ ಅದು ಗೊತ್ತಿರುವುದು?

ಕಂದು ಮರಿಗೆ ಗೊತ್ತಿತ್ತು. ಹೊತ್ತು ಇಳಿದಾಗ ಅದು ದವಡೆ ಆಡಿಸುತ್ತ ಬಿಳಿ ಕುದುರೆಯ ಪಕ್ಕಕ್ಕೆ ಬಂದು, ಕತ್ತು ಚಾಚಿ, ಬೂದಿಯ ಜಾಗಕ್ಕೆ ಹಲ್ಲಿಟ್ಟು ಮೆಲ್ಲನೆ ಕೆರೆಯಿತು. ಬಿಳಿ ಕುದುರೆ ಹಿಂಗಾಲು ಎತ್ತಿತು.

ಎತ್ತಿದ ಕಾಲು ಹಾಗೇ ಕೆಳಗಿಳಿಯಿತು. ಬಿಳಿ ಕುದುರೆಯ ಕಣ್ಣು ಅರೆಮುಚ್ಚಿತು, ತುಟಿ ಅದುರಿತು. ಬೂದಿ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಕೆಳಗೆ ಮನುಷ್ಯರ ಚರ್ಮವಿತ್ತು.

ಬಯಲಿನಲ್ಲಿ ನಾಲ್ಕು ಕಾಲಿನ ಮೇಲೆ ದೊಡ್ಡೀರಿ ನಿಂತಿದ್ದಳು. ಎದ್ದು ನಿಲ್ಲಲು ಅವಳಿಗೆ ಮರೆತುಹೋಗಿತ್ತು. ಸಣ್ಣೀರಿ ಓಡಿಹೋಗಿ ತನ್ನ ಸೀರೆಯ ಸೆರಗು ಹೊದಿಸಿದಳು.

"ನಿನ್ನ ಕೈ..." ದೊಡ್ಡೀರಿಯ ದನಿ ಗೊಗ್ಗರಾಗಿತ್ತು. "ನಾನೇ ಒದ್ದದ್ದಾ?"

"ಹೂಂ ಅಕ್ಕ."

"ಹಸಿವಾಗಿತ್ತು ಕಣೇ."

ಅಳಲು ಹೊತ್ತಿರಲಿಲ್ಲ. ದೊಡ್ಡೀರಿ ಉಗುರಿನಿಂದ ಪಕ್ಕದ ಕುದುರೆಯ ಬೆನ್ನು ಕೆರೆದಳು. ಅಲ್ಲಿಂದೊಬ್ಬ ಎದ್ದ. ಅವನು ಇನ್ನೊಂದರ ಬೆನ್ನು ಕೆರೆದ. ಹೀಗೆ ಆರು ಜನ ಎದ್ದರು. ಏಳನೆಯದು ಕರಿ ಕುದುರೆ. ಎಲ್ಲರಿಗಿಂತ ಮೊದಲು ಪ್ರಶ್ನೆ ಕೇಳಿದವನು ಅವನು. ಬೂದಿ ಅವನ ಮೂಳೆಗೆ ಇಳಿದಿತ್ತು. ಆರು ಜನರ ಉಗುರು ಕಿತ್ತು ರಕ್ತ ಬಂದರೂ ಅವನು ಕುದುರೆಯಾಗಿಯೇ ಉಳಿದ.

ಹಗಲೆಲ್ಲ ರಥ ಸಜ್ಜು ಮಾಡುತ್ತಿದ್ದ ಕುಟಿಲಾಂಗ ಆಗ ಅದರೊಂದಿಗೆ ಬಂದ. ಕಂಡದ್ದೇ ತಡ, ಬೂದಿಯ ಚೀಲಕ್ಕೆ ಕೈ ಹಾಕಿ ಎರಚಿದ. ಆರು ಜನ ಮೈಗೆ ಮೈ ತಾಗಿಸಿ ನಿಂತಿದ್ದರು. ಬೂದಿ ಹೆಪ್ಪುಗಟ್ಟುವ ಮೊದಲೇ ಪಕ್ಕದವರ ಬೆನ್ನನ್ನು ಪಕ್ಕದವರು ಒರೆಸಿದರು. ಮತ್ತೆ ಎರಚಿದ. ಮತ್ತೆ ಒರೆಸಿದರು. ಮೂರನೆಯ ಸಲ ಚೀಲವನ್ನೇ ಕೊಡವಿದ. ಅದೂ ನೆಲಕ್ಕೆ ಬಿತ್ತು.

"ಹಿಡಿ ಇವರನ್ನ!" ಎಂದು ಕಿರುಬನಿಗೆ ಕೂಗಿದ.

ಆರು ಜನರ ಕೈಯಲ್ಲಿ ಬೇಲಿಯ ಗಳಗಳು ಮೇಲೆದ್ದವು. ಮರಿ ಹಿಂದೆ ತಿರುಗಿ ಒದ್ದಿತು, ಕರಿ ಕುದುರೆ ಅದರ ಪಕ್ಕದಲ್ಲಿ ನಿಂತು ಒದ್ದಿತು. ಕಿರುಬ ಕುಂಯ್‌ಗುಟ್ಟಿ ಹಿಂದೆ ಸರಿಯಿತು. ಅದಕ್ಕೆ ಹಸಿವು. ಒಡೆಯನ ಕಡೆ ನೋಡಿತು. ಕೈಯಲ್ಲಿ ಬೂದಿಯಿಲ್ಲದ ಒಡೆಯ ಅದರ ಕಣ್ಣಿಗೆ ಬರೀ ಮಾಂಸ.

"ಸಣ್ಣೀರಿ, ಕಾಪಾಡೇ!" ಎಂದ ಕುಟಿಲಾಂಗ.

ಅವಳು ಆಗಲಿ ಎನ್ನಲಿಲ್ಲ, ಬುದ್ಧಿ ಎನ್ನಲಿಲ್ಲ. ಕಿರುಬ ಅವನನ್ನು ತಿಂದಿತು. ತಿಂದ ಮಾಂಸದಲ್ಲಿದ್ದ ಮಾಯೆಗೆ ಅದೂ ಹೊಟ್ಟೆಯೊಡೆದು ಸತ್ತಿತು.

ಎಲ್ಲ ಮುಗಿದ ಮೇಲೆ ಊರು ಬಾಗಿಲು ತೆರೆಯಿತು. ಹೂವು ತಂದವರು, ಜಯಕಾರ ಹಾಕಿದವರು ಬಹಳ. ಉದ್ದಂಡವರ್ಮನನ್ನು ಕಾಲುನಡಿಗೆಯಲ್ಲೇ ಗಡಿ ದಾಟಿಸಿದರು. ಕೆರೆಯ ನೀರು ಗದ್ದೆಗೆ ಬಂತು, ಬಿಟ್ಟಿ ನಿಂತಿತು, ಅಂಜನಗಡಿಯ ಜನ ಉಂಡುಟ್ಟು ಸುಖವಾಗಿ ಬಾಳಿದರು.

ಕರಿ ಕುದುರೆಯ ಹೆಂಡತಿ ಮಂಚಮ್ಮ ಬೆಳಿಗ್ಗೆ ಬೆಳಿಗ್ಗೆ ಬಯಲಿಗೆ ಬಂದು ಅದರ ಕಿವಿಯಲ್ಲಿ ಗಂಡನ ಹೆಸರು ಹೇಳುತ್ತಿದ್ದಳು. ಅದು ಕಿವಿ ಅಲುಗಿಸುತ್ತಿರಲಿಲ್ಲ. ಒಂದು ದಿನ ಮರಿ ಬಂದು ಅದರ ಬೆನ್ನು ಕೆರೆಯಿತು. ಕರಿ ಕುದುರೆ ಕತ್ತು ತಿರುಗಿಸಿ ಮರಿಯ ಬೆನ್ನು ಕೆರೆಯಿತು.

"ಮನೆಗೆ ಹೊಡ್ಕೊಂಡು ಹೋಗ್ತೀಯಾ ಅತ್ತೆ?" ಎಂದು ಸಣ್ಣೀರಿ ಕೇಳಿದಳು.

"ಮನೇಲಿ ಯಾರಿದ್ದಾರೆ ಅದರ ಬೆನ್ನು ಕೆರೆಯೋಕೆ?" ಎಂದಳು ಮಂಚಮ್ಮ. "ಇಲ್ಲೇ ಇರಲಿ ಬಿಡು." ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದೆ ತಿರುಗಿ ನೋಡದೆ, ಗದ್ದೆಯ ಕಡೆ ನಡೆದಳು.