ಮೂರು ವಾರ ಸಹಿಯಾಗದ ಅರ್ಜಿ

ಆಕಳು ಕಳೆದುಕೊಂಡವನ ಅರ್ಜಿಗೂ ಒಂದೇ ದಿನದಲ್ಲಿ ಉತ್ತರ ಕೊಡುತ್ತಿದ್ದ ದೊರೆಸಾನಿ ಉಲ್ರಿಕೆ, ನನ್ನ ಮದುವೆಯ ಅರ್ಜಿಯನ್ನು ಮಾತ್ರ ಮೂರು ವಾರ ಮೇಜಿನ ಮೇಲೆ ಹಾಗೇ ಇಟ್ಟುಕೊಂಡಿದ್ದರು.

ನಮ್ಮ ಎಲ್ಸ್‌ರೋಡ ಪುಟ್ಟ ಸಂಸ್ಥಾನ. ಅರಮನೆಯ ಸಂಬಳ ಪಡೆಯುವವರು ಯಾರೇ ಆಗಲಿ, ಮದುವೆಗೆ ದೊರೆಯ ಅಪ್ಪಣೆ ಬೇಕು. ದೊರೆ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಎರ್ನ್ಸ್ಟ್‌ಗೆ ಏಳು. ಅವನಿಗೆ ಹದಿನೆಂಟು ತುಂಬುವವರೆಗೆ ತಾಯಿಯೇ ರಾಜ್ಯ ನಡೆಸಬೇಕು. ನಾನು ಟೋಬಿಯಾಸ್ ರೀಟ್ಸ್, ಅವರ ಕಾರ್ಯದರ್ಶಿ. ಬೆಳಿಗ್ಗೆ ಎಂಟಕ್ಕೆ ಅರ್ಜಿ ಓದುವುದು, ಅವರು ಸಹಿ ಹಾಕಿದ ಮೇಲೆ ಶಾಯಿ ಒಣಗಲು ಮರಳು ಉದುರಿಸುವುದು ನನ್ನ ಕೆಲಸ.

ಆ ಬೆಳಗುಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಕಾಫಿಯ ಹಬೆ, ಅವರ ಕಪ್ಪು ಉಡುಪಿನ ತೋಳಿನಿಂದ ಇಣುಕುವ ಶಾಯಿ ಮೆತ್ತಿದ ಬೆರಳು, ಯಾರದಾದರೂ ಸುಳ್ಳು ಸಿಕ್ಕಿಬಿದ್ದಾಗ ಒಂದೇ ಕಡೆ ಏರುವ ಹುಬ್ಬು. ಇಷ್ಟಿದ್ದೂ ನಾನು ಔಷಧಿ ಅಂಗಡಿಯವರ ಮಗಳು ಕ್ರಿಸ್ಟಿಯಾನೆಯನ್ನು ಮದುವೆಯಾಗಲು ಹೊರಟಿದ್ದೆ. ದೊರೆಸಾನಿಯ ಕಡೆ ಕಣ್ಣೆತ್ತಿ ನೋಡುವ ಹುಚ್ಚು ಹಾಗಾದರೂ ಬಿಟ್ಟೀತು ಅಂದುಕೊಂಡಿದ್ದೆ.

"ದೊರೆಸಾನಿಯವರೇ, ನನ್ನ ಅರ್ಜಿ..."

"ವಿಚಾರ ಮಾಡ್ತಾ ಇದೀನಿ."

"ಮೂರು ವಾರದಿಂದಾನಾ? ಮೊನ್ನೆ ಆ ಗಿರಣಿ ಜಗಳ ಅರ್ಧ ಗಂಟೇಲಿ ತೀರಿಸಿದ್ರಿ."

"ಗಿರಣಿ ವಿಷಯ ಸುಲಭ ಇತ್ತು. ಹುಡುಗಿ ಚೆನ್ನಾಗಿದಾಳಾ?"

"ಒಳ್ಳೇ ಹುಡುಗಿ."

"ನಾನು ಕೇಳಿದ್ದು ಅದಲ್ಲ."

"ಚೆನ್ನಾಗೇ ಇದಾಳೆ."

"ನಿಮ್ಮ ತಮಾಷೆಗೆಲ್ಲ ನಗ್ತಾಳಾ?"

"ಇನ್ನೂ ಒಂದೂ ಹೇಳಿಲ್ಲ."

"ಪುಣ್ಯವಂತೆ."

ನನಗೆ ರೇಗಿತು. "ಬೇಡ ಅಂದ್ರೆ ಬೇಡ ಅಂತ ಬರೆದುಬಿಡಿ. ಹೀಗೆ ಸತಾಯಿಸಬೇಡಿ."

ಅವರು ಲೇಖನಿ ಕೆಳಗಿಟ್ಟರು. "ಬೇಡ ಅನ್ನೋಕೆ ನಂಗೇನು ಹಕ್ಕಿದೆ ರೀಟ್ಸ್? ಆಗಲಿ ಅನ್ನೋಕೆ ಕೈ ಬರ್ತಿಲ್ಲ. ದಿನಾ ಲೇಖನಿ ಅದ್ದಿ ಅದ್ದಿ ಇಡ್ತಿದೀನಿ. ಊರಿನವರ ಅರ್ಜಿಯೆಲ್ಲ ಓದ್ತೀರಿ, ಇದೊಂದು ಅರ್ಥ ಆಗಲ್ವಾ?"

ಅರ್ಥವಾಯಿತು. ಒಂದು ಹೆಜ್ಜೆ ಮುಂದಿಟ್ಟೆ. ಅವರು ಕೈ ಎತ್ತಿ ತಡೆದರು.

"ನಾನು ಮತ್ತೆ ಮದುವೆಯಾದ ದಿನವೇ ರಾಜ್ಯಾನೂ ಹೋಗುತ್ತೆ, ಮಗನೂ ಹೋಗ್ತಾನೆ. ಕಾನೂನು ಹಾಗಿದೆ. ಎರ್ನ್ಸ್ಟ್ ನನ್ನ ಮೈದುನನ ಪಾಲಾಗ್ತಾನೆ. ಆತ ಊರ ಹುಡುಗರನ್ನೆಲ್ಲ ದುಡ್ಡಿಗಾಗಿ ಯಾರದೋ ಯುದ್ಧಕ್ಕೆ ಸಿಪಾಯಿಗಳಾಗಿ ಮಾರೋ ಮನುಷ್ಯ. ಇನ್ನೂ ಹನ್ನೊಂದು ವರ್ಷ ಇದೆ. ಕಾಯಿರಿ ಅಂತ ಯಾರಿಗೂ ಹೇಳೋ ಮಾತಲ್ಲ ಅದು. ಹೋಗಿ, ಮದುವೆಯಾಗಿ."

ಸಹಿಗೆ ಲೇಖನಿ ಅದ್ದಿದರು. ನಾನು ಅರ್ಜಿಯನ್ನು ಸರಕ್ಕನೆ ಎಳೆದುಕೊಂಡೆ.

"ಅರ್ಜಿದಾರ ವಾಪಸ್ ತಗೊಂಡಿದಾನೆ. ಮುಂದಿನದು, ಮರ ಕಡಿದ ತಕರಾರು. ಓದ್ಲಾ?"

"ಓದಿ," ಎಂದರು. ಅದ್ದಿದ ಲೇಖನಿಯನ್ನು ಒರೆಸಿ ಇಟ್ಟರು.

ಹನ್ನೊಂದು ವರ್ಷ ಅರ್ಜಿ ಓದಿದೆ. ಅವರ ಮೈದುನನ ಗೂಢಚಾರರು ಬಾಗಿಲ ಸಂದಿಗೆ ಕಣ್ಣಿಟ್ಟರು. ಮೇಜಿನ ಆಚೆ ದೊರೆಸಾನಿ, ಈಚೆ ನಾನು, ಬೇರೇನೂ ಅವರಿಗೆ ಸಿಗಲಿಲ್ಲ. ಕ್ರಿಸ್ಟಿಯಾನೆ ಗಡಿಯಾರ ಮಾಡುವವನನ್ನು ಮದುವೆಯಾಗಿ ನಾಲ್ಕು ಮಕ್ಕಳ ತಾಯಿಯಾದಳು. ನನ್ನ ತಲೆ ನೆರೆಯಿತು. ದೊರೆಸಾನಿ ಸೇತುವೆ ಕಟ್ಟಿಸಿದರು, ಶಾಲೆ ತೆರೆದರು, ಒಬ್ಬ ಹುಡುಗನನ್ನೂ ಯುದ್ಧಕ್ಕೆ ಮಾರಲಿಲ್ಲ.

ಎರ್ನ್ಸ್ಟ್ ಪಟ್ಟಕ್ಕೆ ಬಂದ ದಿನ ರಾಜಮುದ್ರೆಯನ್ನು ಅವನ ಕೈಗಿಟ್ಟು ಅವರು ಮೊಗಸಾಲೆಗೆ ಬಂದರು. ವರ್ಷಗಟ್ಟಲೆ ಬಾಯಿಪಾಠ ಮಾಡಿಟ್ಟ ಮಾತನ್ನು ನಾನು ಹೇಳಬೇಕು, ಅಷ್ಟರಲ್ಲಿ ಅವರು ಗೋಡೆಗೊರಗಿ ಅತ್ತುಬಿಟ್ಟರು.

"ನಾಳೆಯಿಂದ ನಂಗೆ ಕೆಲಸ ಇಲ್ಲ ರೀಟ್ಸ್. ಬೆಳಗಾದ್ರೆ ಏನು ಮಾಡ್ಲಿ?"

ಅವರು ಬರೀ ಕಾದಿರಲಿಲ್ಲ, ಆ ಕೆಲಸವನ್ನು ಪ್ರೀತಿಸಿದ್ದರು. ಅದು ನನಗೆ ಹೊಳೆದದ್ದೇ ಆಗ. ಬಾಯಿಪಾಠವೆಲ್ಲ ಮರೆತುಹೋಯಿತು.

"ಕುದುರೆ ಜೀನು ಹೊಲಿಯೋನ ಅಂಗಡಿ ಮೇಲೆ ನಂದು ಎರಡು ಕೋಣೆ ಇದೆ," ಎಂದೆ. "ತೊಗಲಿನ ವಾಸನೆ. ಒಲೆ ಹೊಗೆ ಕಾರುತ್ತೆ."

"ಕಿಟಕಿ?"

"ಒಂದಿದೆ."

"ಊರಿನವರು ಜಗಳ ಹೊತ್ಕೊಂಡು ಅಲ್ಲಿಗೂ ಬರ್ತಾರಾ?"

"ಬರದೆ ಇನ್ನೆಲ್ಲಿ ಹೋಗ್ತಾರೆ!"

ಅಳುತ್ತಲೇ ನಕ್ಕರು. ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದರು. ಕಾವಲುಗಾರರು, ಅಡುಗೆಯವರು, ಮೈದುನ, ಕಿಟಕಿಯಲ್ಲಿ ನಿಂತ ಹೊಸ ದೊರೆ, ಎಲ್ಲರ ಕಣ್ಣೆದುರು ನಡುಹಗಲಲ್ಲಿ ಅಂಗಳ ದಾಟಿದೆವು. ದೊರೆಸಾನಿಯ ಹಿಂದೆ ಮೂರು ಹೆಜ್ಜೆ ಬಿಟ್ಟು ನಡೆದು ರೂಢಿಯಾದ ನನ್ನ ಕಾಲು ಮತ್ತೆ ಮತ್ತೆ ಹಿಂದೆ ಉಳಿಯುತ್ತಿತ್ತು. ಪ್ರತಿ ಸಲವೂ ಉಲ್ರಿಕೆ ನಿಂತು, ನಾನು ಪಕ್ಕಕ್ಕೆ ಬರುವವರೆಗೆ ಕಾದಳು.